ಕಲಿತ ಪದ ತಲೆಯಲ್ಲಿ ನಿಲ್ಲುವುದು ಹೇಗೆ?

"ಡಾಕ್ಟ್ರೇ, ಇವನ ತಲೇಲಿ ಏನೂ ನಿಲ್ಲಲ್ಲ. ರಾತ್ರಿ ಕಲಿತದ್ದು ಬೆಳಿಗ್ಗೆಗೆ ಇರಲ್ಲ. ಜ್ಞಾಪಕ ಶಕ್ತಿಗೆ ಒಂದು ಒಳ್ಳೆ ಟಾನಿಕ್ ಬರೆದುಕೊಡಿ."

ಶಾಲೆ ಶುರುವಾಗಿ ಒಂದೆರಡು ತಿಂಗಳಾಯಿತೆಂದರೆ ವೈದ್ಯರ ಕೋಣೆಯಲ್ಲಿ ಈ ಮಾತು ಪದೇ ಪದೇ ಕೇಳಿಬರುತ್ತದೆ. ಹಾಗೆ ಮಗನನ್ನು ಕರೆದುಕೊಂಡು ಬಂದ ಒಬ್ಬ ತಾಯಿಯ ನೆನಪು ನನಗೆ ಚೆನ್ನಾಗಿದೆ. ಹುಡುಗ ನಾಲ್ಕನೆಯ ತರಗತಿಯವರೆಗೆ ಊರಿನ ಕನ್ನಡ ಶಾಲೆಯಲ್ಲಿ ಓದಿದ್ದ. ಐದನೆಯ ತರಗತಿಗೆ ಪಟ್ಟಣದ ಇಂಗ್ಲಿಷ್ ಮಾಧ್ಯಮ ಶಾಲೆಗೆ ಸೇರಿಸಿದ್ದರು. ಡಿಕ್ಟೇಷನ್‌ನಲ್ಲಿ ಹತ್ತಕ್ಕೆ ಎರಡು ಬರುತ್ತಿತ್ತು. ಮನೆಯಲ್ಲಿ ದಿನವೂ ಬೈಗುಳ, ಒಮ್ಮೊಮ್ಮೆ ಏಟು. ಹುಡುಗ ತಲೆತಗ್ಗಿಸಿ ಕುಳಿತಿದ್ದ.

"ಕ್ರಿಕೆಟ್ ನೋಡ್ತೀಯೇನಪ್ಪಾ?" ಎಂದು ಕೇಳಿದೆ. ತಲೆ ಮೇಲೆ ಬಂತು. ಭಾರತ ತಂಡದ ಹನ್ನೊಂದು ಆಟಗಾರರ ಹೆಸರನ್ನೂ, ಹಿಂದಿನ ಪಂದ್ಯದಲ್ಲಿ ಯಾರು ಎಷ್ಟು ರನ್ ಮಾಡಿದರೆಂಬುದನ್ನೂ ತಡವರಿಸದೆ ಹೇಳಿದ. ಊರಿನಿಂದ ಪಟ್ಟಣಕ್ಕೆ ಬರುವ ಬಸ್ಸು ಎಲ್ಲೆಲ್ಲಿ ನಿಲ್ಲುತ್ತದೆ ಎಂದು ಕೇಳಿದರೆ ಒಂದೂ ಬಿಡದೆ ಸಾಲಾಗಿ ಹೇಳಿದ. "ಇದಕ್ಕೆಲ್ಲ ತಲೆ ಚೆನ್ನಾಗಿದೆ, ಓದೋದಕ್ಕೆ ಮಾತ್ರ ಇಲ್ಲ" ಎಂದು ತಾಯಿ ನಿಟ್ಟುಸಿರುಬಿಟ್ಟರು.

ಹುಡುಗನ ನೋಟುಪುಸ್ತಕ ತೆರೆಸಿ ನೋಡಿದೆ. 'ಬ್ಯೂಟಿಫುಲ್' ಎಂಬ ಇಂಗ್ಲಿಷ್ ಪದವನ್ನು ಹತ್ತು ಸಲ ಬರೆಯಬೇಕಿತ್ತು. ಮೊದಲ ಅಕ್ಷರವನ್ನು ಮೇಲಿನಿಂದ ಕೆಳಗೆ ಹತ್ತು ಸಲ ಬರೆದಿದ್ದ. ಆಮೇಲೆ ಎರಡನೆಯ ಅಕ್ಷರ ಹತ್ತು ಸಲ, ಆಮೇಲೆ ಮೂರನೆಯದು. "ಹೀಗೆ ಬರೆದರೆ ಬೇಗ ಮುಗಿಯುತ್ತೆ ಸಾರ್" ಎಂದ. ಹಾಳೆ ತುಂಬಿತ್ತು, ಆದರೆ ಆ ಪದ ಒಂದು ಸಲವೂ ಇಡಿಯಾಗಿ ಅವನ ಮನಸ್ಸಿನಲ್ಲಿ ಹಾದುಹೋಗಿರಲಿಲ್ಲ.

ಈ ಹುಡುಗನಿಗೆ ಜ್ಞಾಪಕ ಶಕ್ತಿ ಕಡಿಮೆಯೆ? ಖಂಡಿತ ಅಲ್ಲ. ಜ್ಞಾಪಕ ಶಕ್ತಿ ಕೆಲಸ ಮಾಡುವ ಬಗೆ ಒಂದು, ಅವನಿಗೆ ಕಲಿಸುತ್ತಿದ್ದ ಬಗೆ ಇನ್ನೊಂದು. ನಿಮ್ಮ ಮನೆಯಲ್ಲಿಯೂ ಇಂಥ ಹುಡುಗನೋ ಹುಡುಗಿಯೋ ಇದ್ದರೆ, ಹೊಸ ಪದವೊಂದು ಕಿವಿಯಿಂದ ಹೊರಟು ಮಿದುಳಿನಲ್ಲಿ ನೆಲೆಯಾಗುವವರೆಗೆ ಏನೇನು ನಡೆಯುತ್ತದೆ ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಮೊದಲು ಸದ್ದು

ಯಾರಾದರೂ ಒಂದು ಫೋನ್ ನಂಬರ್ ಹೇಳಿದರೆಂದು ಇಟ್ಟುಕೊಳ್ಳಿ. ಬರೆದುಕೊಳ್ಳಲು ಪೆನ್ನು ಸಿಗುವವರೆಗೆ ನೀವೇನು ಮಾಡುತ್ತೀರಿ? ಬಾಯಲ್ಲೋ ಮನಸ್ಸಿನಲ್ಲೋ ಅದನ್ನೇ ಗೊಣಗುತ್ತಿರುತ್ತೀರಿ. ನಡುವೆ ಯಾರಾದರೂ ಮಾತಾಡಿಸಿದರೆ ನಂಬರ್ ಹಾರಿಹೋಯಿತು! ಇದು ಅಲ್ಪಾವಧಿಯ ನೆನಪು. ಇದರ ಜಾಗ ಬಹಳ ಚಿಕ್ಕದು. ಒಂದು ಸಲಕ್ಕೆ ಸುಮಾರು ಏಳು ಸಂಗತಿಗಳನ್ನು ಹಿಡಿಯಬಲ್ಲದು ಎಂದು ಅಮೆರಿಕದ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. ಏಳೂ ಹೆಚ್ಚಾಯಿತು, ಗೊಣಗಿಕೊಳ್ಳಲು ಅವಕಾಶವಿಲ್ಲದಿದ್ದರೆ ನಾಲ್ಕರ ಆಸುಪಾಸು ಎಂದು ನೆಲ್ಸನ್ ಕೋವನ್ 2001ರಲ್ಲಿ ತೋರಿಸಿದರು.

ಇಂಗ್ಲೆಂಡಿನ ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ ಎಂಬವರು 1974ರಲ್ಲಿ ಈ ತಾತ್ಕಾಲಿಕ ನೆನಪಿಗೆ ಹಲವು ಭಾಗಗಳಿವೆ ಎಂದರು. ಅವುಗಳಲ್ಲಿ ಒಂದು, ಕೇಳಿದ ಸದ್ದನ್ನು ಸುಮಾರು ಎರಡು ಸೆಕೆಂಡು ಹಿಡಿದಿಟ್ಟು, ಅದು ಮಾಸುವ ಮೊದಲೇ ಮತ್ತೆ ಮತ್ತೆ ಸುತ್ತಿಸುವ ಭಾಗ. ಹೊಸ ಪದಕ್ಕೆ ಮೊದಲು ಸಿಗುವ ಜಾಗ ಇದೇ. ಪದದ ಸದ್ದು ಇಲ್ಲಿ ಸರಿಯಾಗಿ ಕೂರದಿದ್ದರೆ ಮುಂದಿನ ಯಾವ ಕೆಲಸವೂ ನಡೆಯದು.

ಇದಕ್ಕೊಂದು ಗಟ್ಟಿ ಸಾಕ್ಷಿ ಇಟಲಿಯಿಂದ ಬಂತು. ಮಿದುಳಿನ ಒಂದು ಭಾಗಕ್ಕೆ ಪೆಟ್ಟಾಗಿದ್ದ ಒಬ್ಬ ಮಹಿಳೆಗೆ ಕೇಳಿದ ಅಂಕಿಗಳಲ್ಲಿ ಎರಡು ಮೂರಕ್ಕಿಂತ ಹೆಚ್ಚು ಹಿಡಿದಿಡಲು ಆಗುತ್ತಿರಲಿಲ್ಲ. ಮಾತು, ಬುದ್ಧಿ, ಹಳೆಯ ನೆನಪು ಎಲ್ಲವೂ ಸರಿಯಾಗಿದ್ದವು. ಅವರಿಗೆ ಗೊತ್ತಿದ್ದ ಎರಡು ಇಟಾಲಿಯನ್ ಪದಗಳನ್ನು ಜೋಡಿಯಾಗಿ ಕಲಿಸಿದರೆ ಎಲ್ಲರಂತೆ ಕಲಿಯುತ್ತಿದ್ದರು. ಆದರೆ ಗೊತ್ತಿಲ್ಲದ ರಷ್ಯನ್ ಪದಗಳನ್ನು ಮತ್ತೆ ಮತ್ತೆ ಕೇಳಿಸಿದರೂ ಅವು ಹತ್ತಲೇ ಇಲ್ಲ. 1988ರಲ್ಲಿ ಪ್ರಕಟವಾದ ಈ ಅಧ್ಯಯನದಿಂದ ಒಂದು ಮಾತು ಸ್ಪಷ್ಟವಾಯಿತು. ಹಳೆಯ ಪದವನ್ನು ಅರ್ಥದ ಮೇಲೆ ನೆನಪಿಡಬಹುದು, ಹೊಸ ಪದಕ್ಕೆ ಮಾತ್ರ ಮೊದಲು ಅದರ ಸದ್ದನ್ನೇ ಹಿಡಿಯಬೇಕು.

ಇದನ್ನು ನೀವು ಮನೆಯಲ್ಲೇ ನೋಡಬಹುದು. 'ತಮುಳಿಗ' ಎಂದು ಒಂದು ಅರ್ಥವಿಲ್ಲದ ಪದ ಹೇಳಿ ಮಗುವಿನ ಬಾಯಲ್ಲಿ ಹೇಳಿಸಿ. ಸುಲಭ. 'ಬರಕೊಲಿಪುನಟೆ' ಎಂದು ಹೇಳಿ ನೋಡಿ. ಸ್ವಲ್ಪ ಎಡವುತ್ತದೆ. ನಾಲ್ಕೈದು ವರ್ಷದ ಮಕ್ಕಳಲ್ಲಿ, ಇಂಥ ಅರ್ಥವಿಲ್ಲದ ಪದಗಳನ್ನು ಸರಿಯಾಗಿ ಮರುನುಡಿಯುವವರಿಗೆ ಪದಸಂಪತ್ತೂ ಹೆಚ್ಚು ಎಂದು ಬ್ಯಾಡ್ಲಿ ಮತ್ತು ಸೂಸನ್ ಗ್ಯಾದರ್ಕೋಲ್ ಕಂಡುಕೊಂಡರು.

ಇನ್ನೊಂದು ಸಂಗತಿ. ಈ ಸದ್ದಿನ ನೆನಪು ಬರಿದಾದ ಪಾತ್ರೆಯಲ್ಲ. ನಮಗೆ ಮೊದಲೇ ಗೊತ್ತಿರುವ ಭಾಷೆಯ ಅಚ್ಚು ಅದರಲ್ಲಿ ಇರುತ್ತದೆ. ನಮ್ಮ ಹಿರಿಯರು ಸ್ಕೂಲನ್ನು 'ಇಸ್ಕೂಲು' ಎಂದರು, ಸ್ಟೇಷನ್ನನ್ನು 'ಟೇಸನ್ನು' ಎಂದರು. ಬಸ್ ಎಂಬುದು ನಮ್ಮ ಬಾಯಲ್ಲಿ 'ಬಸ್ಸು' ಆಯಿತು. ಇದು ದಡ್ಡತನವಲ್ಲ. ಸ್ವರದಿಂದ ಮುಗಿಯುವ ಕನ್ನಡದ ಅಚ್ಚಿನಲ್ಲಿ ಮಿದುಳು ಹೊಸ ಸದ್ದನ್ನು ಕೂರಿಸಿಕೊಳ್ಳುವ ರೀತಿ. ಕನ್ನಡ ಶಾಲೆಯಿಂದ ಬಂದ ಹುಡುಗನಿಗೆ ಇಂಗ್ಲಿಷ್ ಪದದ ಸದ್ದೇ ಹೊಸದು. ಅದರ ಮೇಲೆ ಅರ್ಥ ಹೊಸದು, ಕಾಗುಣಿತ ಹೊಸದು. ಮೂರನ್ನೂ ಒಂದೇ ಸಲ ಆ ಚಿಕ್ಕ ಜಾಗದಲ್ಲಿ ತುರುಕಿದರೆ ಯಾವುದೂ ನಿಲ್ಲುವುದಿಲ್ಲ.

ಹಿಡಿಯುವುದು ಬೇರೆ, ಉಳಿಯುವುದು ಬೇರೆ

ಚಿಕ್ಕ ಮಕ್ಕಳು ಒಂದೇ ಸಲ ಕೇಳಿ ಪದ ಕಲಿಯುವುದನ್ನು ಕಂಡು ನಾವು ಬೆರಗಾಗುತ್ತೇವೆ. 1978ರಲ್ಲಿ ಅಮೆರಿಕದ ಸೂಸನ್ ಕೇರಿ ಮತ್ತು ಎಲ್ಸಾ ಬಾರ್ಟ್‌ಲೆಟ್ ಇದನ್ನು ಪರೀಕ್ಷಿಸಿದರು. ಶಿಶುವಿಹಾರದ ಮೂರು ನಾಲ್ಕು ವರ್ಷದ ಮಕ್ಕಳಿಗೆ, ಕೆಂಪು ತಟ್ಟೆ ಬೇಡ, 'ಕ್ರೋಮಿಯಂ' ತಟ್ಟೆ ತಾ ಎಂಬಂತೆ ಮಾತಿನ ನಡುವೆ ಹೇಳಲಾಯಿತು. ಆ ಬಣ್ಣದ ಹೆಸರನ್ನು ಮಕ್ಕಳು ಹಿಂದೆ ಕೇಳಿರಲಿಲ್ಲ. ಕೆಂಪಲ್ಲದ್ದು ಯಾವುದೋ ಅದೇ ಇರಬೇಕೆಂದು ಊಹಿಸಿ ಸರಿಯಾದ ತಟ್ಟೆಯನ್ನೇ ತಂದರು. ಹಲವರಲ್ಲಿ ಆ ಪದದ ಅರೆಬರೆ ನೆನಪು ದಿನಗಳ ನಂತರವೂ ಉಳಿದಿತ್ತು.

ಆದರೆ ಹೀಗೆ ಹಿಡಿದದ್ದೆಲ್ಲ ಉಳಿಯುವುದಿಲ್ಲ. 2008ರಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ ಎರಡು ವರ್ಷದ ಮಕ್ಕಳು ಹೊಸ ಹೆಸರು ಕೇಳಿದೊಡನೆ ಸರಿಯಾದ ವಸ್ತುವನ್ನೇ ಆರಿಸಿದರು. ಐದು ನಿಮಿಷ ಬಿಟ್ಟು ಕೇಳಿದರೆ ಬಹುಪಾಲು ಮರೆತಿತ್ತು. ಹೆಸರು ಹೇಳುವಾಗ ವಸ್ತುವನ್ನು ಕೈಯಲ್ಲಿ ಹಿಡಿದು ತೋರಿಸಿದಾಗ ಮಾತ್ರ ನೆನಪು ಉತ್ತಮವಾಗಿತ್ತು.

"ಈಗ ತಾನೆ ಹೇಳಿದ್ನಲ್ಲೋ, ಆಗಲೇ ಮರೆತೆಯಾ?" ಎಂದು ನಾವು ಗದರಿಸುವ ಮೊದಲು ಇದನ್ನು ನೆನೆಯಬೇಕು. ರಾತ್ರಿ ಸರಿಯಾಗಿ ಹೇಳಿದ ಪದ ಬೆಳಿಗ್ಗೆ ಬಾರದಿದ್ದರೆ ಮಗು ಸೋಮಾರಿ ಎಂದು ಅರ್ಥವಲ್ಲ. ಪದ ಇನ್ನೂ ಹೊಸಿಲಲ್ಲೇ ಇದೆ, ಒಳಗೆ ಬಂದಿಲ್ಲ ಎಂದಷ್ಟೇ ಅರ್ಥ.

ಒಳಬಾಗಿಲು ಮತ್ತು ನಿದ್ದೆ

ಒಳಗೆ ಬರುವುದೆಂದರೇನು? ಮಿದುಳಿನ ಒಳಭಾಗದಲ್ಲಿ, ಎರಡೂ ಕಿವಿಗಳ ಮಟ್ಟದಲ್ಲಿ, ಕಡಲ್ಗುದುರೆಯ ಆಕಾರದ ಒಂದು ಪುಟ್ಟ ಅಂಗವಿದೆ. ಅದರ ಹೆಸರು ಹಿಪೊಕ್ಯಾಂಪಸ್. ಹೊಸ ಸಂಗತಿಗಳು ಕಾಯಂ ನೆನಪಾಗಬೇಕಾದರೆ ಈ ಬಾಗಿಲನ್ನು ಹಾದುಹೋಗಬೇಕು.

ಇದು ತಿಳಿದದ್ದು ಒಬ್ಬ ಮನುಷ್ಯನ ದುರದೃಷ್ಟದಿಂದ. ಅಮೆರಿಕದ ಹೆನ್ರಿ ಮೊಲೈಸನ್ ಎಂಬ 27 ವರ್ಷದ ಯುವಕನಿಗೆ ಮೂರ್ಛೆರೋಗ ವಿಪರೀತವಾಗಿತ್ತು. 1953ರಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಎರಡೂ ಬದಿಯ ಹಿಪೊಕ್ಯಾಂಪಸ್‌ನ ಹೆಚ್ಚಿನ ಭಾಗವನ್ನು ತೆಗೆದರು. ಮೂರ್ಛೆ ಕಡಿಮೆಯಾಯಿತು. ಆದರೆ ಅಂದಿನಿಂದ 2008ರಲ್ಲಿ ತೀರಿಕೊಳ್ಳುವವರೆಗೆ ಹೊಸ ಅನುಭವ ಯಾವುದೂ ಅವರಲ್ಲಿ ನಿಲ್ಲಲಿಲ್ಲ. ಮಾತು ಸರಾಗ, ಬುದ್ಧಿ ಚುರುಕು. ಚಿಕ್ಕಂದಿನಲ್ಲಿ ಕಲಿತ ಪದಗಳೆಲ್ಲ ಹಾಗೇ ಇದ್ದವು. ಶಸ್ತ್ರಚಿಕಿತ್ಸೆಯ ನಂತರ ಇಂಗ್ಲಿಷಿಗೆ ಸೇರಿದ ಪದಗಳು ಮಾತ್ರ ಬಹುತೇಕ ಹತ್ತಲಿಲ್ಲ. ಪದವನ್ನು ಕೇಳಿ ಆ ಕ್ಷಣಕ್ಕೆ ಮರುನುಡಿಯುತ್ತಿದ್ದರು. ಗಮನ ಬೇರೆಡೆ ಹರಿದರೆ ಅದು ಹೋಯಿತು.

ಆರೋಗ್ಯವಂತ ಮಿದುಳಿನಲ್ಲಿ ಈ ಬಾಗಿಲಿನ ಕೆಲಸ ಬಹುಮಟ್ಟಿಗೆ ನಡೆಯುವುದು ನಿದ್ದೆಯಲ್ಲಿ. ಹಗಲು ಕಲಿತದ್ದನ್ನು ಹಿಪೊಕ್ಯಾಂಪಸ್ ರಾತ್ರಿ ಮತ್ತೆ ಆಡಿಸಿ, ಹಳೆಯ ಪದಗಳಿರುವ ಮಿದುಳಿನ ಹೊರಪದರದೊಂದಿಗೆ ಹೆಣೆಯುತ್ತದೆ ಎಂಬುದು ಇಂದಿನ ತಿಳಿವಳಿಕೆ. ಇಂಗ್ಲೆಂಡಿನಲ್ಲಿ 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕೆಲವರಿಗೆ ಸಂಜೆ, ಕೆಲವರಿಗೆ ಬೆಳಿಗ್ಗೆ ಹೊಸ ಪದಗಳನ್ನು ಕಲಿಸಿ, 12 ಗಂಟೆ ಬಿಟ್ಟು ಪರೀಕ್ಷಿಸಿದರು. ಸಂಜೆ ಕಲಿತು ಮಲಗಿ ಎದ್ದವರಲ್ಲಿ ಹೊಸ ಪದಗಳು ಹಳೆಯ ಪದಗಳ ಬಳಗಕ್ಕೆ ಸೇರಿದ ಲಕ್ಷಣ ಕಂಡಿತು. ಬೆಳಿಗ್ಗೆ ಕಲಿತು ದಿನವಿಡೀ ಎಚ್ಚರವಿದ್ದವರಲ್ಲಿ ಕಾಣಲಿಲ್ಲ. ಅವರೂ ಒಂದು ರಾತ್ರಿ ಮಲಗಿ ಎದ್ದ ಮೇಲೆ ಕಂಡಿತು.

ಪರೀಕ್ಷೆಯ ಹಿಂದಿನ ರಾತ್ರಿ ಹನ್ನೆರಡರವರೆಗೆ ಕೂರಿಸಿ ಓದಿಸುವ ತಂದೆತಾಯಿಗಳು ಇದನ್ನು ಗಮನಿಸಬೇಕು. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ನಿದ್ದೆಗೆಟ್ಟು ಓದಿಸುವುದು, ಬಾವಿಯಿಂದ ನೀರು ಸೇದಿ ತೂತುಬಿಂದಿಗೆಗೆ ತುಂಬಿದಂತೆ.

ಮರೆವಿಗೂ ಲೆಕ್ಕವಿದೆ

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸ ತನ್ನನ್ನೇ ಪ್ರಯೋಗಪಶು ಮಾಡಿಕೊಂಡು, ಅರ್ಥವಿಲ್ಲದ ಸಾವಿರಾರು ಉಚ್ಚಾರಗಳನ್ನು ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಲೆಕ್ಕವಿಟ್ಟ. 1885ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದ. ಮೊದಲ ಒಂದು ಗಂಟೆಯೊಳಗೇ ಅರ್ಧಕ್ಕಿಂತ ಹೆಚ್ಚು ಜಾರಿಹೋಗುತ್ತದೆ. ಆಮೇಲೆ ಜಾರುವ ವೇಗ ಕಡಿಮೆಯಾಗುತ್ತದೆ. ತಿಂಗಳ ನಂತರವೂ ಅಷ್ಟಿಷ್ಟು ಉಳಿದಿರುತ್ತದೆ. ಸಮಾಧಾನದ ಸಂಗತಿಯೆಂದರೆ, ಪೂರ್ತಿ ಮರೆತಂತೆ ಕಂಡದ್ದನ್ನೂ ಎರಡನೆಯ ಸಲ ಕಲಿಯಲು ಮೊದಲಿನಷ್ಟು ಹೊತ್ತು ಬೇಕಾಗುವುದಿಲ್ಲ. ಮರೆತದ್ದು ಅಳಿಸಿಹೋಗಿರುವುದಿಲ್ಲ, ಮಸುಕಾಗಿರುತ್ತದೆ.

ಆತ ಕಂಡ ಇನ್ನೊಂದು ಸತ್ಯ ಮನೆಮನೆಗೂ ಉಪಯೋಗದ್ದು. ಒಂದೇ ದಿನ ಕುಳಿತು ಹಲವು ಸಲ ತಿರುವಿಹಾಕುವುದಕ್ಕಿಂತ, ಅದೇ ಸಲಗಳನ್ನು ಹಲವು ದಿನಗಳಿಗೆ ಹಂಚಿದರೆ ನೆನಪು ಗಟ್ಟಿ. ಗಿಡಕ್ಕೆ ವಾರಕ್ಕೊಮ್ಮೆ ಏಳು ಕೊಡ ನೀರು ಸುರಿಯುವುದಕ್ಕಿಂತ ದಿನಕ್ಕೊಂದು ಕೊಡ ಹಾಕುವುದು ಮೇಲಲ್ಲವೆ? ಹಾಗೆಯೇ ಇದು. "ಹಾಡುತ್ತ ಹಾಡುತ್ತ ರಾಗ" ಎಂದ ನಮ್ಮ ಹಿರಿಯರು ಒಂದೇ ರಾತ್ರಿಯಲ್ಲಿ ಹಾಡಿ ಮುಗಿಸಿ ಎಂದಿರಲಿಲ್ಲ.

ತುಂಬುವುದಲ್ಲ, ತೆಗೆಯುವುದು

ಈಗ ಆ ಹುಡುಗನ ನೋಟುಪುಸ್ತಕಕ್ಕೆ ಬರೋಣ. ಹತ್ತು ಸಲ ಬರೆದರೂ ಪದ ನಿಲ್ಲಲಿಲ್ಲವೇಕೆ? ನೋಡಿ ಬರೆಯುವಾಗ ನೆನಪಿಗೆ ಕೆಲಸವೇ ಇಲ್ಲ. ಕಣ್ಣು ನೋಡುತ್ತದೆ, ಕೈ ಬರೆಯುತ್ತದೆ. ಮನಸ್ಸು ಎಲ್ಲೋ ಇರುತ್ತದೆ. ಪದ ಗಟ್ಟಿಯಾಗುವುದು, ಅದನ್ನು ನೋಡದೆ ನೆನಪಿನಿಂದ ಹೊರಗೆಳೆಯಲು ಮನಸ್ಸು ತಿಣುಕಿದಾಗ.

ಅಮೆರಿಕದ ಕಾರ್ಪಿಕಿ ಮತ್ತು ರೋಡಿಗರ್ ಎಂಬ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಕಾಲೇಜು ವಿದ್ಯಾರ್ಥಿಗಳು ಆಫ್ರಿಕದ ಸ್ವಾಹಿಲಿ ಭಾಷೆಯ 40 ಪದಗಳನ್ನು ಇಂಗ್ಲಿಷ್ ಅರ್ಥದೊಂದಿಗೆ ಕಲಿತರು. ಒಂದು ಸಲ ಸರಿಯಾಗಿ ಹೇಳಿದ ಪದವನ್ನು ಕೆಲವರಿಗೆ ಮತ್ತೆ ಓದಲು ಕೊಟ್ಟರು, ಆದರೆ ಮತ್ತೆ ಕೇಳಲಿಲ್ಲ. ಇನ್ನು ಕೆಲವರಿಗೆ ಓದಲು ಕೊಡಲಿಲ್ಲ, ಕೇಳುವುದನ್ನು ಮಾತ್ರ ನಿಲ್ಲಿಸಲಿಲ್ಲ. ಒಂದು ವಾರದ ನಂತರ, ಬರಿದೆ ಓದಿದವರಿಗೆ ನೂರಕ್ಕೆ ಸುಮಾರು 35ರಷ್ಟು ನೆನಪಿತ್ತು. ಮತ್ತೆ ಮತ್ತೆ ಪ್ರಶ್ನೆಗೆ ಉತ್ತರಿಸಿದವರಿಗೆ ಸುಮಾರು 80ರಷ್ಟು! ವಿಚಿತ್ರವೆಂದರೆ, ವಾರದ ನಂತರ ಎಷ್ಟು ನೆನಪಿರಬಹುದೆಂದು ಮೊದಲೇ ಕೇಳಿದಾಗ ಎರಡು ಗುಂಪಿನವರ ಅಂದಾಜೂ ಒಂದೇ ಆಗಿತ್ತು. ಅಂದರೆ, ಯಾವ ರೀತಿಯಲ್ಲಿ ಕಲಿತರೆ ನಿಲ್ಲುತ್ತದೆ ಎಂಬುದು ಕಲಿಯುವವರಿಗೇ ತಿಳಿಯುವುದಿಲ್ಲ. ಓದುವಾಗ ಸಲೀಸಾಗಿ ಕಂಡದ್ದನ್ನೇ ನಾವು ಬಂದಿತು ಎಂದುಕೊಳ್ಳುತ್ತೇವೆ.

ಹಿಂದಿನ ಕಾಲದಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಮಕ್ಕಳು ಮಗ್ಗಿ ಒಪ್ಪಿಸುತ್ತಿದ್ದುದು ನಿಮಗೆ ನೆನಪಿರಬಹುದು. ಅಲ್ಲಿ ಎರಡು ಒಳ್ಳೆಯ ಗುಣಗಳಿದ್ದವು. ಪುಸ್ತಕ ಮುಚ್ಚಿರುತ್ತಿತ್ತು, ಮತ್ತು ಅದು ದಿನವೂ ನಡೆಯುತ್ತಿತ್ತು. ಕೊರತೆ ಇದ್ದದ್ದು ಅರ್ಥದ ಕಡೆಗೆ, ಮತ್ತು ಕೈಯಲ್ಲಿದ್ದ ಬೆತ್ತದ ಕಡೆಗೆ.

ಅರ್ಥ ಇಲ್ಲದಿದ್ದರೆ ಆಸರೆ ಇಲ್ಲ

ಬಳ್ಳಿಗೆ ಚಪ್ಪರ ಬೇಕಾದಂತೆ ಹೊಸ ಪದಕ್ಕೆ ಹಳೆಯ ತಿಳಿವಳಿಕೆಯ ಆಸರೆ ಬೇಕು. ಕನ್ನಡ ಮಾಧ್ಯಮದ ವಿಜ್ಞಾನ ಪುಸ್ತಕದಲ್ಲಿ 'ದ್ಯುತಿಸಂಶ್ಲೇಷಣೆ' ಎಂಬ ಪದ ಬರುತ್ತದೆ. ಅದನ್ನು ಇಡಿಯಾಗಿ ನುಂಗಲು ದೊಡ್ಡವರಿಗೂ ಕಷ್ಟ. ದ್ಯುತಿ ಎಂದರೆ ಬೆಳಕು, ಸಂಶ್ಲೇಷಣೆ ಎಂದರೆ ಕೂಡಿಸಿ ತಯಾರಿಸುವುದು, ಎಲೆ ಬಿಸಿಲಿನಲ್ಲಿ ತನ್ನ ಅಡುಗೆ ಮಾಡಿಕೊಳ್ಳುತ್ತದೆ ಎಂದು ಬಿಡಿಸಿ ಹೇಳಿದರೆ ಆರು ತುಂಡುಗಳಿದ್ದದ್ದು ಎರಡಾಗುತ್ತದೆ. ಚಿಕ್ಕ ಜಾಗದಲ್ಲಿ ಹಿಡಿಯುತ್ತದೆ. ಜಲಪಾತ, ಜಲಾಶಯ, ಜಲಚರ ಎಂದು ಒಂದರ ಪಕ್ಕ ಒಂದಿಟ್ಟರೆ ಒಂದು ಪದ ಕಲಿತ ಖರ್ಚಿನಲ್ಲಿ ಮೂರು ಸಿಗುತ್ತವೆ.

ಇಂಗ್ಲಿಷ್ ಮಾಧ್ಯಮದ ಮಗುವಿಗೂ ಇದೇ ನಿಯಮ. 'ಫೋಟೋಸಿಂಥೆಸಿಸ್' ಎಂಬುದನ್ನು ಇಂಗ್ಲಿಷ್ ವ್ಯಾಖ್ಯೆಯೊಂದಿಗೆ ಉರುಹೊಡೆದ ಮಗುವಿಗಿಂತ, ಅದನ್ನು ಮೊದಲು ಮನೆಮಾತಿನಲ್ಲಿ ತಿಳಿದುಕೊಂಡ ಮಗುವಿಗೆ ಹೊಸ ಪದ ಹಗುರ. ಅರ್ಥ ಆಗಲೇ ಒಳಗಿದೆ, ಹೆಸರೊಂದೇ ಹೊಸದು. ಆದ್ದರಿಂದ ಇಂಗ್ಲಿಷ್ ಕಲಿಯಲೆಂದು ಮನೆಯಲ್ಲಿ ಕನ್ನಡ ಬಿಡಿಸುವುದು ಬುದ್ಧಿವಂತಿಕೆಯಲ್ಲ. ಅಜ್ಜಿಯ ಕಥೆ, ಅಮ್ಮನ ಅಡುಗೆಮನೆಯ ಮಾತು, ಅಪ್ಪನ ಸಂತೆಯ ವ್ಯವಹಾರ ಇವೆಲ್ಲ ಮಗುವಿನ ತಲೆಯಲ್ಲಿ ಚಪ್ಪರ ಕಟ್ಟುತ್ತವೆ. ಮುಂದೆ ಬರುವ ಬಳ್ಳಿ ಯಾವ ಭಾಷೆಯದಾದರೂ ಹಬ್ಬುವುದು ಅದರ ಮೇಲೆಯೇ.

ಹೆದರಿಕೆಯ ವಿಷಯವೂ ಇಲ್ಲೇ ಬರುತ್ತದೆ. ತಾತ್ಕಾಲಿಕ ನೆನಪಿನ ಜಾಗ ಚಿಕ್ಕದೆಂದು ಹೇಳಿದೆನಷ್ಟೆ? "ತಪ್ಪಿದರೆ ಏಟು ಬೀಳುತ್ತೆ" ಎಂಬ ಯೋಚನೆ ಆ ಜಾಗದ ಪಾಲನ್ನು ಕಬಳಿಸುತ್ತದೆ. ಗೊತ್ತಿದ್ದ ಉತ್ತರವೂ ಬಾಯಿಗೆ ಬರುವುದಿಲ್ಲ. ಏಟಿನಿಂದ ನೆನಪು ಹೆಚ್ಚುವುದಿಲ್ಲ. ಪುಸ್ತಕ ಕಂಡರೆ ಭಯ ಹೆಚ್ಚುತ್ತದೆ, ಅಷ್ಟೆ.

ಮನೆಯಲ್ಲಿ ನೀವು ಮಾಡಬಹುದಾದದ್ದು

1. ದಿನಕ್ಕೆ ಐದಾರು ಹೊಸ ಪದಗಳು ಸಾಕು. ಭಾನುವಾರ ಒಟ್ಟಿಗೆ ಮೂವತ್ತು ಬೇಡ.

2. ಮೊದಲು ಕೇಳಿಸಿ, ಆಮೇಲೆ ಹೇಳಿಸಿ, ಕೊನೆಯಲ್ಲಿ ಬರೆಸಿ. ಉದ್ದನೆಯ ಪದವನ್ನು ತುಂಡು ಮಾಡಿ ಚಪ್ಪಾಳೆಯೊಂದಿಗೆ ಹೇಳಿಸಿ. ನಿಮ್ಮ ಉಚ್ಚಾರ ಸರಿಯಿಲ್ಲವೆಂಬ ಸಂಕೋಚವಿದ್ದರೆ ಶಾಲೆಯ ಟೀಚರನ್ನೋ ಪಕ್ಕದ ಮನೆಯ ದೊಡ್ಡ ಹುಡುಗಿಯನ್ನೋ ಕೇಳಿ.

3. ವಸ್ತುವಾದರೆ ಕೈಯಲ್ಲಿ ಕೊಡಿ, ಕ್ರಿಯೆಯಾದರೆ ಮಾಡಿ ತೋರಿಸಿ, ಎರಡೂ ಆಗದಿದ್ದರೆ ಕನ್ನಡದಲ್ಲಿ ವಿವರಿಸಿ. ಆಮೇಲೆ ಆ ಪದ ಬಳಸಿ ಮಗುವಿನಿಂದಲೇ ಒಂದು ವಾಕ್ಯ ಮಾಡಿಸಿ.

4. ಹಳೆಯ ಲಗ್ನಪತ್ರಿಕೆಗಳನ್ನು ಎಸೆಯಬೇಡಿ. ಖಾಲಿ ಬದಿಯಿರುವ ಭಾಗವನ್ನು ಚೀಟಿಗಳಾಗಿ ಕತ್ತರಿಸಿ, ಎರಡು ಚೀಟಿಗಳನ್ನು ಬೆನ್ನಿಗೆ ಬೆನ್ನು ಅಂಟಿಸಿ, ಒಂದು ಕಡೆ ಪದ, ಇನ್ನೊಂದು ಕಡೆ ಅರ್ಥ ಅಥವಾ ಚಿತ್ರ ಬರೆಸಿ. ಮೂರು ಡಬ್ಬಿ ಇಡಿ. ಮೊದಲ ಡಬ್ಬಿಯ ಚೀಟಿಗಳನ್ನು ದಿನವೂ, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ ಕೇಳಿ. ಸರಿ ಹೇಳಿದ ಚೀಟಿ ಮುಂದಿನ ಡಬ್ಬಿಗೆ, ತಪ್ಪಿದ್ದು ಮತ್ತೆ ಮೊದಲನೆಯದಕ್ಕೆ. ಸೆಬಾಸ್ಟಿಯನ್ ಲೈಟ್ನರ್ ಎಂಬ ಲೇಖಕ 1970ರ ದಶಕದಲ್ಲಿ ಜನಪ್ರಿಯಗೊಳಿಸಿದ ಉಪಾಯವಿದು. ಹತ್ತು ನಿಮಿಷದ ಆಟ, ಖರ್ಚಿಲ್ಲ.

5. ಮಗು ತಿಣುಕುವಾಗ ತಕ್ಷಣ ಉತ್ತರ ಹೇಳಿಬಿಡಬೇಡಿ. ನಾಲ್ಕೈದು ಸೆಕೆಂಡು ಬಿಡಿ. ಬಾರದಿದ್ದರೆ ಮೊದಲ ಅಕ್ಷರದ ಸುಳಿವು ಕೊಡಿ. ಆಗಲೂ ಬಾರದಿದ್ದರೆ ಸರಿಯುತ್ತರ ಹೇಳಿ, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳಿ. ತಪ್ಪಾದದ್ದನ್ನು ತಪ್ಪಾಗಿಯೇ ಬಿಡಬೇಡಿ.

6. ಶಾಲೆಗೆ ಹೋಗದ ಪುಟ್ಟ ಮಕ್ಕಳಿಗೆ ಅದೇ ಕಥೆಯನ್ನು ಮತ್ತೆ ಮತ್ತೆ ಹೇಳಲು ಬೇಸರ ಪಡಬೇಡಿ. 2011ರ ಒಂದು ಅಧ್ಯಯನದಲ್ಲಿ, ಬೇರೆ ಬೇರೆ ಕಥೆಗಳಲ್ಲಿ ಹೊಸ ಪದ ಕೇಳಿದ ಮೂರು ವರ್ಷದ ಮಕ್ಕಳಿಗಿಂತ ಅದೇ ಕಥೆಯಲ್ಲಿ ಮತ್ತೆ ಮತ್ತೆ ಕೇಳಿದವರು ಹೆಚ್ಚು ಪದ ಉಳಿಸಿಕೊಂಡರು. ಟಿ.ವಿ., ಮೊಬೈಲ್ ಎದುರು ಕೂರಿಸುವುದು ಇದಕ್ಕೆ ಬದಲಿಯಲ್ಲ. ಎರಡು ವರ್ಷದೊಳಗಿನ ಮಗು ಪರದೆಗಿಂತ ಎದುರಿಗಿರುವ ಮುಖದಿಂದ ಚೆನ್ನಾಗಿ ಕಲಿಯುತ್ತದೆ.

7. ಮಲಗುವ ಮುಂಚೆ ಐದು ನಿಮಿಷ ಅಂದಿನ ಪದಗಳನ್ನು ಕೇಳಿ, ದೀಪ ಆರಿಸಿ.

ವೈದ್ಯರನ್ನು ಯಾವಾಗ ಕಾಣಬೇಕು?

ಎಲ್ಲವೂ ಅಭ್ಯಾಸದಿಂದ ಸರಿಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ಕೆಲವು ಸಂದರ್ಭಗಳಲ್ಲಿ ತಪಾಸಣೆ ಅಗತ್ಯ.

ಎಲ್ಲಕ್ಕಿಂತ ಮೊದಲು ಕಿವಿ. ಪದೇ ಪದೇ ನೆಗಡಿಯಾಗಿ ಕಿವಿಯೊಳಗೆ ದ್ರವ ನಿಲ್ಲುವ, ಕಿವಿ ಸೋರುವ ಮಕ್ಕಳಿಗೆ ಪದದ ಸದ್ದೇ ಅರ್ಧ ಕೇಳಿಸುತ್ತದೆ. ಅರ್ಧ ಕೇಳಿದ್ದನ್ನು ಪೂರ್ತಿ ನೆನಪಿಡುವುದು ಹೇಗೆ? ಕರೆದರೆ ತಿರುಗದಿದ್ದರೆ, ಟಿ.ವಿ. ಸದ್ದು ಜೋರು ಮಾಡಿದರೆ, ಕಿವಿ ತೋರಿಸಿ. ಕಣ್ಣಿನ ಪರೀಕ್ಷೆಯೂ ಆಗಲಿ.

ಒಂದೂವರೆ ವರ್ಷವಾದರೂ ಒಂದೂ ಅರ್ಥವುಳ್ಳ ಪದ ಆಡದಿದ್ದರೆ, ಎರಡು ವರ್ಷ ತುಂಬಿದರೂ "ಅಮ್ಮ ಬಾ", "ಹಾಲು ಬೇಕು" ಎಂಬಂತೆ ಎರಡು ಪದ ಕೂಡಿಸದಿದ್ದರೆ, "ಇವನಪ್ಪನೂ ತಡವಾಗಿಯೇ ಮಾತಾಡಿದ್ದು" ಎಂದು ಕಾಯುತ್ತ ಕೂರಬೇಡಿ. ಕಲಿತಿದ್ದ ಮಾತು ನಿಂತುಹೋದರೆ ಯಾವ ವಯಸ್ಸಿನಲ್ಲಾದರೂ ಕೂಡಲೇ ತೋರಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಇಂಥ ಮಕ್ಕಳ ಕಿವಿ ಮತ್ತು ಮಾತು ಎರಡನ್ನೂ ಪರೀಕ್ಷಿಸುತ್ತಾರೆ.

ರಕ್ತಹೀನತೆಯಿಂದ ಗಮನ ಮತ್ತು ಕಲಿಕೆ ಎರಡೂ ಕುಂದುತ್ತವೆ. 2019-20ರಲ್ಲಿ ಕರ್ನಾಟಕದಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಆರು ತಿಂಗಳಿಂದ ಐದು ವರ್ಷದವರೆಗಿನ ಮೂರು ಮಕ್ಕಳಲ್ಲಿ ಹೆಚ್ಚುಕಡಿಮೆ ಇಬ್ಬರಿಗೆ ರಕ್ತಹೀನತೆ ಇತ್ತು. ಮಗು ಬಿಳಿಚಿಕೊಂಡಿದ್ದರೆ, ಬೇಗ ಸುಸ್ತಾದರೆ ರಕ್ತಪರೀಕ್ಷೆ ಮಾಡಿಸಿ. ಸೊಪ್ಪು, ರಾಗಿ, ಕಾಳು, ಜಂತುಹುಳುವಿನ ಮಾತ್ರೆ, ಬೇಕಾದರೆ ಕಬ್ಬಿಣಾಂಶದ ಔಷಧಿ ಇವು ಯಾವ 'ಜ್ಞಾಪಕ ಟಾನಿಕ್'ಗಿಂತಲೂ ಹೆಚ್ಚು ಕೆಲಸ ಮಾಡುತ್ತವೆ. ಮಗು ಪಾಠದ ನಡುವೆ ಕೆಲವು ಕ್ಷಣ ಕಣ್ಣು ನೆಟ್ಟು ಮಂಕಾಗಿ ಕುಳಿತು, ಮತ್ತೆ ಏನೂ ಆಗದಂತೆ ಮುಂದುವರಿಯುತ್ತಿದ್ದರೆ ಅದು ಒಂದು ಬಗೆಯ ಮೂರ್ಛೆ ಇರಬಹುದು. ಇದಕ್ಕೆ ಒಳ್ಳೆಯ ಚಿಕಿತ್ಸೆಯಿದೆ.

ಮಾತು ಚೆನ್ನಾಗಿದ್ದು, ಬುದ್ಧಿ ಚುರುಕಾಗಿದ್ದು, ಓದುವುದು ಬರೆಯುವುದು ಮಾತ್ರ ವರ್ಷಗಟ್ಟಲೆ ಹಿಂದುಳಿದರೆ ಅದು ಡಿಸ್‌ಲೆಕ್ಸಿಯಾ ಇರಬಹುದು. ಇದು ಮಗುವಿನ ತಪ್ಪೂ ಅಲ್ಲ, ನಿಮ್ಮ ತಪ್ಪೂ ಅಲ್ಲ. ಸರಿಯಾದ ತರಬೇತಿಯಿಂದ ಸುಧಾರಿಸುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದರ ಪರೀಕ್ಷೆ ನಡೆಯುತ್ತದೆ.

ಅಜ್ಜ ಅಜ್ಜಿಯರಿಗೆ ಒಂದು ಮಾತು

ಒಟಿಪಿ, ಯುಪಿಐ ಎಂಬ ಹೊಸ ಪದಗಳು ತಲೆಗೆ ಹತ್ತುತ್ತಿಲ್ಲವೆಂದು ಹಿರಿಯರು ಬೇಸರಪಡುವುದುಂಟು. ವಯಸ್ಸಾದಂತೆ ಪದವನ್ನು ಹೊರಗೆಳೆಯುವ ವೇಗ ತಗ್ಗುವುದು ಸಹಜ. ಪದಸಂಪತ್ತು ಮಾತ್ರ ಇಳಿವಯಸ್ಸಿನವರೆಗೂ ಚೆನ್ನಾಗಿಯೇ ಉಳಿಯುತ್ತದೆ. ಹೊಸದನ್ನು ಕಲಿಯುವ ದಾರಿ ನಿಮಗೂ ಅದೇ: ಅರ್ಥ ತಿಳಿಯಿರಿ, ಬಾಯಿಬಿಟ್ಟು ಹೇಳಿ, ನಾಳೆ ಮತ್ತೆ ಬಳಸಿ. ಹೆಸರು ನಾಲಿಗೆ ತುದಿಯಲ್ಲಿ ನಿಂತು ಆಮೇಲೆ ಹೊಳೆದರೆ ಚಿಂತೆ ಬೇಡ. ದಿನಬಳಕೆಯ ವಸ್ತುಗಳ ಹೆಸರೇ ತಪ್ಪತೊಡಗಿದರೆ ವೈದ್ಯರಿಗೆ ತೋರಿಸಿ. ಇದ್ದಕ್ಕಿದ್ದಂತೆ ಮಾತು ತೊದಲಿದರೆ, ನಿಂತರೆ, ಬಾಯಿ ಸೊಟ್ಟಗಾದರೆ ಅದು ಪಾರ್ಶ್ವವಾಯು ಇರಬಹುದು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಚಿಕಿತ್ಸೆಗೆ ಸಿಗುವುದು ನಾಲ್ಕೂವರೆ ಗಂಟೆ ಮಾತ್ರ. ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಓಡಿ.

ಇನ್ನು ಆ ಹುಡುಗನ ವಿಷಯ. ಕಿವಿ, ಕಣ್ಣು, ರಕ್ತ ಎಲ್ಲ ಸರಿಯಿತ್ತು. ಟಾನಿಕ್ ಬರೆಯಲಿಲ್ಲ. ಲಗ್ನಪತ್ರಿಕೆಯ ಉಪಾಯ ಹೇಳಿಕೊಟ್ಟು, ಒಂದು ತಿಂಗಳು ಕೈ ಎತ್ತಬಾರದೆಂದು ತಾಯಿಯಿಂದ ಮಾತು ತೆಗೆದುಕೊಂಡೆ. "ನನಗೆ ಇಂಗ್ಲಿಷ್ ಬರಲ್ಲ ಡಾಕ್ಟ್ರೇ, ನಾನು ಹೇಗೆ ಕೇಳಲಿ?" ಎಂದರು. "ಚೀಟಿಯ ಹಿಂದೆ ಕನ್ನಡ ಇರುತ್ತಲ್ಲಮ್ಮ, ಅದನ್ನು ಓದಿ ಕೇಳಿ. ಅವನು ಇಂಗ್ಲಿಷಿನಲ್ಲಿ ಹೇಳಲಿ" ಎಂದೆ.

ಎರಡು ತಿಂಗಳ ಮೇಲೆ ತಂಗಿಯ ಜ್ವರಕ್ಕೆಂದು ಬಂದರು. ಡಿಕ್ಟೇಷನ್‌ನಲ್ಲಿ ಹತ್ತಕ್ಕೆ ಆರು ಏಳು ಬರುತ್ತಿದೆಯಂತೆ. ಹತ್ತಕ್ಕೆ ಹತ್ತು ಇನ್ನೂ ಬಂದಿಲ್ಲ. ಆದರೆ ಹುಡುಗ ತಲೆ ಎತ್ತಿ ಕುಳಿತಿದ್ದ. "ಅಮ್ಮನಿಗೂ ಅರವತ್ತು ಪದ ಬಂದಿದೆ ಸಾರ್" ಎಂದ. ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು.